ಕೇಳಿಸಿದಷ್ಟೇ ಬರೆ

ಚಳ್ಳಕೆರೆ
20 ಜನವರಿ 2025

ದೊಡ್ಡವ್ವನಿಗೆ ತೇಜಶ್ರೀಯ ನಮಸ್ಕಾರ.

ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಈ ಹುಡುಗಿ ಎಂದು ನಗಬೇಡ. ನಮ್ಮ ಹಾಸ್ಟೆಲ್ ವಾರ್ಡನ್ ಸೋಮವಾರ ಬೆಳಿಗ್ಗೆ ಫೋನುಗಳನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಬೀಗ ಜಡಿದರೆ ವಾಪಸ್ ಕೊಡುವುದು ಶನಿವಾರ ಸಂಜೆಗೆ. ಶನಿವಾರ ನಿನಗೆ ಮಾಡಿದರೆ "ಟವರ್ ಇಲ್ಲ ಕಣೇ" ಎಂದು ಎರಡೇ ಮಾತಿಗೆ ಇಟ್ಟುಬಿಡುತ್ತೀಯ. ಮೊಳಕಾಲ್ಮುರಿನಲ್ಲಿ ಊರಿಗೆಲ್ಲ ಸಿಗುವ ಟವರ್ ನಿನಗೊಬ್ಬಳಿಗೇ ಯಾಕೆ ಸಿಗುವುದಿಲ್ಲವೋ ಗೊತ್ತಿಲ್ಲ. ಅದಕ್ಕೇ ಪೋಸ್ಟಾಫೀಸಿಗೆ ಹೋಗಿ ಕವರು ತಂದೆ.

ವಿಷಯ ದೊಡ್ಡದು. ನಾನು ಸ್ಟೆತಾಸ್ಕೋಪ್ ಕೊಳ್ಳಬೇಕು. ಕ್ಲಾಸಿನಲ್ಲಿ ಈಗ ಅದೊಂದೇ ಮಾತು, ಮದುವೆ ಸೀರೆ ಆರಿಸುವಾಗಲೂ ಇಷ್ಟು ಚರ್ಚೆ ನಡೆಯುವುದಿಲ್ಲ. ಒಬ್ಬಳು ನವಿಲು ಬಣ್ಣದ್ದು ತರಿಸಿಕೊಂಡಿದ್ದಾಳೆ, ಅದರ ಮೇಲೆ ಅವಳ ಹೆಸರು ಬೇರೆ ಕೆತ್ತಿದೆ. ಇನ್ನೊಬ್ಬಳಿಗೆ ಅವಳ ಮಾವ ಹೃದಯದ ಡಾಕ್ಟರುಗಳು ಹಾಕಿಕೊಳ್ಳುವಂಥದ್ದನ್ನೇ ಕೊಡಿಸಿದ್ದಾರೆ. ಅವಳು ಅದನ್ನು ಊಟಕ್ಕೆ ಕೂತರೂ ಕುತ್ತಿಗೆಯಿಂದ ತೆಗೆಯುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಸಾದಾ ಕಪ್ಪನೆಯವೂ ಇವೆ. ಪಾಠ ಹೇಳುವ ನಾಗಭೂಷಣ ಸಾರ್, ಮಾರ್ಚ್ ಮುಗಿಯುವುದರೊಳಗೆ ಎಲ್ಲರ ಹತ್ತಿರವೂ ಸ್ವಂತದ್ದು ಇರಬೇಕು ಎಂದಿದ್ದಾರೆ. ಅಲ್ಲಿಯವರೆಗೆ ಕಾಲೇಜಿನದ್ದು, ನಾಲ್ಕು ಜನಕ್ಕೆ ಒಂದು.

ನೀನು ಮೂವತ್ತನಾಲ್ಕು ವರ್ಷ ಅದನ್ನು ಕಿವಿಗೆ ಹಾಕಿಕೊಂಡವಳು. ದೇವಸಮುದ್ರದ ಸುತ್ತ ಯಾವ ಹಳ್ಳಿಗೆ ಹೋದರೂ ನರ್ಸಮ್ಮ ಎಂದರೆ ಇವತ್ತಿಗೂ ನೀನೇ. ನಾನು ಈ ಕೋರ್ಸಿಗೆ ಸೇರಿದ್ದು ನಿನ್ನನ್ನು ನೋಡಿಯೇ ಹೊರತು ಮಾರ್ಕ್ಸ್ ಕಾರ್ಡ್ ನೋಡಿ ಅಲ್ಲ. ನಿನಗೆ ನೆನಪಿದೆಯೋ ಇಲ್ಲವೋ, ನಾನು ಚಿಕ್ಕವಳಿದ್ದಾಗ ನಿನ್ನ ಎದುರು ನಿಂತರೆ ನೀನು ನಿನ್ನ ಕಿವಿಯಿಂದ ತೆಗೆದು ಹಾಗೇ ನನ್ನ ಕಿವಿಗೆ ಸಿಕ್ಕಿಸಿ, ಬಿಲ್ಲೆಯನ್ನು ನಿನ್ನ ಎದೆಗೆ ಒತ್ತಿಕೊಂಡು "ಕೇಳ್ತೈತಾ?" ಅನ್ನುತ್ತಿದ್ದೆ. ಅವತ್ತೇ ನಾನು ನರ್ಸಾಗುವುದು ತೀರ್ಮಾನವಾಗಿತ್ತು.

ಯಾವುದು ಕೊಳ್ಳಲಿ ಹೇಳು. ನೀನು ಹೇಳಿದ್ದನ್ನೇ ಕೊಳ್ಳುತ್ತೇನೆ.

ನಿನ್ನ
ತೇಜಶ್ರೀ


ಮೊಳಕಾಲ್ಮುರು
28 ಜನವರಿ 2025

ತೇಜೀ,

ಕಾಗದ ಬಂತು. ಪೋಸ್ಟಿನವನು "ಏನು ಸಿದ್ದಕ್ಕ, ಕೋರ್ಟ್ ನೋಟೀಸಾ?" ಅಂದನಂತೆ, ಆಮೇಲೆ ಪಕ್ಕದ ಮನೆಯವರು ಹೇಳಿ ನಕ್ಕರು. ನನಗೂ ಒಬ್ಬರು ಕಾಗದ ಬರೆಯುತ್ತಾರೆ ಎಂದು ಬೀದಿಗೆಲ್ಲ ಗೊತ್ತಾಗಿ ನನ್ನ ಬೆಲೆ ಏರಿದೆ.

ಸ್ಟೆತ್ತು ಸರವಲ್ಲ, ಬಣ್ಣ ನೋಡಬೇಡ. ಕೊಳವೆ ಉದ್ದವಿದ್ದರೆ ಮಂಚದ ಕಂಬಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಿದ್ದರೆ ರೋಗಿಯ ಮೈಮೇಲೆ ಬಿದ್ದು ನೋಡಬೇಕಾಗುತ್ತದೆ. ಕಿವಿಗೆ ಹಾಕುವ ಮೊನೆ ಮೆತ್ತಗಿರಬೇಕು, ನಿನ್ನ ಕಿವಿಯ ಅಳತೆಗೆ ಕೂರಬೇಕು. ಬಿಲ್ಲೆಯನ್ನು ಹೆಂಗಸರ ಎದೆಗೆ ಇಡುವ ಮುಂಚೆ ಅಂಗೈಯಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡು. ಇದನ್ನು ನಿಮ್ಮ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಆದರೆ ಅವಸರ ಬೇಡ. ಒಂದು ತಿಂಗಳು ಬೆರಳಿನಲ್ಲಿ ಕೆಲಸ ಕಲಿ. ಬಿ.ಪಿ. ನೋಡುವಾಗ ತೋಳಿಗೆ ಪಟ್ಟಿ ಕಟ್ಟಿ, ಮಣಿಕಟ್ಟಿನ ನಾಡಿ ಹಿಡಿದು ಗಾಳಿ ಹಾಕು. ಎಲ್ಲಿ ನಾಡಿ ನಿಲ್ಲುತ್ತದೋ ಅಲ್ಲಿಗೆ ಮೇಲಿನ ನಂಬರಿನ ಸುಳಿವು ಸಿಕ್ಕಿತು. ಕಿವಿಯ ಕೆಲಸ ಅದಾದ ಮೇಲೆ. ಬೆರಳು ಮೋಸ ಮಾಡುವುದಿಲ್ಲ, ಅದಕ್ಕೆ ವಯಸ್ಸೂ ಆಗುವುದಿಲ್ಲ.

ಇಲ್ಲಿ ಮಂಗಳವಾರ ಮಂಗಳವಾರ ಬೀದಿಯ ಹೆಂಗಸರು ಬರುತ್ತಾರೆ. ಈಗ ನಾನು ಯಾರಿಗೂ ಬಿ.ಪಿ. ನೋಡುವುದಿಲ್ಲ, ರಿಟೈರ್ ಆದವಳಿಗೆ ಯಾಕೆ ಅದೆಲ್ಲ. ಮಾತ್ರೆ ಬಿಡಬೇಡಿ, ಉಪ್ಪಿನಕಾಯಿ ಬಿಡಿ ಎಂದು ಗದರಿ ಕಳಿಸುತ್ತೇನೆ. ಬೇಜಾರಿನ ಸುದ್ದಿ ಒಂದಿದೆ. ಪಕ್ಕದ ಮನೆ ಜಂಪಣ್ಣನ ಮಗ್ಗ ದೀಪಾವಳಿಯಿಂದ ನಿಂತುಹೋಗಿದೆ. ಗೋಡೆಯಾಚೆ ಲಾಳಿ ಓಡುವ ಸದ್ದಿಗೆ ಒಗ್ಗಿಹೋದವಳು ನಾನು, ಈಗ ಮನೆಯೆಲ್ಲ ಭಣಭಣ ಅನ್ನುತ್ತದೆ. ಕೇಳಿದರೆ ಸುಮ್ಮನೆ ನಗುತ್ತಾನೆ, ಕಷ್ಟ ಹೇಳಿಕೊಳ್ಳುವ ಗಂಡಸಲ್ಲ ಅವನು. ಅವನ ಮಗಳು ನಿರ್ಮಲಾ ನಿನ್ನ ರೂಮಿನಲ್ಲೇ ಇದ್ದಾಳಲ್ಲ, ಅವಳ ಮುಂದೆ ಈ ಮಾತು ಎತ್ತಬೇಡ. ಅವಳನ್ನು ಸ್ವಲ್ಪ ಚೆನ್ನಾಗಿ ನೋಡಿಕೋ.

ದೊಡ್ಡವ್ವ


ಚಳ್ಳಕೆರೆ
10 ಫೆಬ್ರವರಿ 2025

ದೊಡ್ಡವ್ವ,

ನೀನು ಇಲ್ಲಿ ಇದ್ದಿದ್ದರೆ ಕುಣಿದುಬಿಡುತ್ತಿದ್ದೆ. ನಾನು ನಾಡಿ ಹಿಡಿದು ಗಾಳಿ ಹಾಕುವುದನ್ನು ನೋಡಿ ನಾಗಭೂಷಣ ಸಾರ್ ಇಡೀ ಬ್ಯಾಚನ್ನು ನಿಲ್ಲಿಸಿ "ಇವಳಿಗೆ ಯಾರು ಹೇಳಿಕೊಟ್ರು?" ಎಂದರು. ನಮ್ಮ ದೊಡ್ಡವ್ವ ಸಾರ್, ದೇವಸಮುದ್ರದ ನರ್ಸಮ್ಮ ಎಂದೆ. "ಹಳೇ ಕಾಲದೋರ ಕೈ ಕಣ್ರೀ, ನೋಡಿ ಕಲೀರಿ" ಎಂದರು. ನನಗಲ್ಲ, ನಿನಗೆ ಹೇಳಿದ್ದು ಅದು.

ಈಗ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹಾಕಿದ್ದಾರೆ. ದಿನಕ್ಕೆ ಆರು ಬಿ.ಪಿ. ನೋಡುತ್ತೇನೆ. ಎಲ್ಲ ಚೆನ್ನಾಗಿ ನಡೆಯುತ್ತಿದೆ. ಯಾರಿಗಾದರೂ ಸೂಜಿಯ ಹೆದರಿಕೆಯಾದರೆ ನಿನ್ನ ಹಾಗೆಯೇ ಊರು ಯಾವುದು, ಮನೆಯಲ್ಲಿ ಎಷ್ಟು ಕುರಿ ಎಂದು ಮಾತಿಗೆ ಎಳೆಯುತ್ತೇನೆ. ಕುರಿ ಎಣಿಸುವಷ್ಟರಲ್ಲಿ ಸೂಜಿ ಮುಗಿದಿರುತ್ತದೆ. ನೀನು ಮಾಡುತ್ತಿದ್ದುದನ್ನು ನೋಡಿಯೇ ಇಷ್ಟು ಬಂದಿದೆ, ಇನ್ನು ಕಲಿತರೆ ಹೇಗಿರಬೇಡ.

ನಿರ್ಮಲಾಳಿಗೆ ನನ್ನ ಪಾಲಿನ ಚಪಾತಿ ಕೊಡುತ್ತಿದ್ದೇನೆ, ಅವಳ ಯೂನಿಫಾರ್ಮನ್ನೂ ನಾನೇ ಇಸ್ತ್ರಿ ಮಾಡುತ್ತೇನೆ. ಅವಳು ನನ್ನನ್ನು ಒಂಥರಾ ನೋಡುತ್ತಾಳೆ. ಪಾಪ.

ಒಂದು ಆಸೆ ಇದೆ, ಕೇಳಿಬಿಡುತ್ತೇನೆ. ಹೊಸದು ಯಾಕೆ, ನಿನ್ನ ಹಳೆಯ ಸ್ಟೆತ್ತನ್ನೇ ನನಗೆ ಕೊಡುತ್ತೀಯಾ? ಅದು ಕುತ್ತಿಗೆಯಲ್ಲಿದ್ದರೆ ನನಗೆ ಧೈರ್ಯ ಬರುತ್ತದೆ. ಇದರ ಜೊತೆ ಒಂದು ಫೋಟೋ ಇಟ್ಟಿದ್ದೇನೆ, ಪ್ರಾಕ್ಟಿಕಲ್ ದಿನ ತೆಗೆದದ್ದು. ಕಿವಿಗೆ ಹಾಕಿಕೊಂಡು ಗಂಭೀರವಾಗಿ ನಿಂತಿರುವವಳೇ ನಿನ್ನ ಮಗಳು.

ತೇಜಶ್ರೀ


ಮೊಳಕಾಲ್ಮುರು
17 ಫೆಬ್ರವರಿ 2025

ತೇಜೀ,

ಫೋಟೋ ನೋಡಿ ನೋಡಿ ಸಾಕಾಗಲಿಲ್ಲ. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ಬಿಳಿ ಯೂನಿಫಾರ್ಮು, ಎಣ್ಣೆ ಹಚ್ಚಿ ಬಿಗಿದ ಜಡೆ, ಮುಖದಲ್ಲಿ ಆ ಗತ್ತು! ದಿನಕ್ಕೆ ಆರು ಬಿ.ಪಿ. ಎಂದರೆ ಸಾಮಾನ್ಯವೇ? ನಾನು ನಿನ್ನ ವಯಸ್ಸಿನಲ್ಲಿ ಪಟ್ಟಿ ಕಟ್ಟುವುದಕ್ಕೇ ಹೆಣಗುತ್ತಿದ್ದೆ. ನಮ್ಮ ಮನೆತನದ ಕಿವಿ ಕಣೇ ಅದು, ಎಲ್ಲಿ ಹೋಗುತ್ತದೆ.

ಹಳೆಯ ಸ್ಟೆತ್ತು ಕೇಳಬೇಡ. ಅದರ ರಬ್ಬರು ಸೀಳಿದೆ. ಸೀಳಿರದಿದ್ದರೂ ಕೊಡುತ್ತಿರಲಿಲ್ಲ, ಕಾರಣ ಕೇಳಬೇಡ. ನಿನ್ನದು ನೀನು ಕೊಂಡುಕೋ.

ದೊಡ್ಡವ್ವ


ಚಳ್ಳಕೆರೆ
14 ಮಾರ್ಚ್ 2025

ದೊಡ್ಡವ್ವ,

ಒಂದು ತಿಂಗಳು ಬರೆಯಲಿಲ್ಲ. ಪರೀಕ್ಷೆ ಇತ್ತು ಎಂದು ಬರೆಯಬಹುದು. ಪರೀಕ್ಷೆ ಇರಲಿಲ್ಲ. ನಿನ್ನ ಕಾಗದದಲ್ಲಿ ಮನೆತನದ ಕಿವಿ ಎಂಬ ಮಾತು ಓದಿದ ಮೇಲೆ ನಿನಗೆ ಏನು ಬರೆಯುವುದೋ ತಿಳಿಯಲಿಲ್ಲ.

ನನಗೆ ಸ್ಟೆತ್ತಿನಲ್ಲಿ ಏನೂ ಕೇಳಿಸುವುದಿಲ್ಲ. ಎಲ್ಲೋ ಬಹಳ ದೂರದಲ್ಲಿ ಏನೋ ಅಲುಗಿದಂತೆ ಅನ್ನಿಸುತ್ತದೆ, ಅಷ್ಟೇ. ದಿನಕ್ಕೆ ಆರು ಎಂದು ಬರೆದಿದ್ದೆನಲ್ಲ, ಆ ಆರರಲ್ಲಿ ಒಂದೂ ನಾನು ಕೇಳಿ ಬರೆದದ್ದಲ್ಲ. ಮೇಲಿನ ನಂಬರು ನೀನು ಹೇಳಿಕೊಟ್ಟ ಬೆರಳಿನದು, ಕೆಳಗಿನದು ನನ್ನ ಅಂದಾಜು. ಚಿಕ್ಕವಳಿದ್ದಾಗ ನೀನು "ಕೇಳ್ತೈತಾ?" ಎಂದಾಗಲೂ ನನಗೆ ಏನೂ ಕೇಳಿಸಿರಲಿಲ್ಲ. ನಿನ್ನ ಮುಖ ಅಷ್ಟು ಖುಷಿಯಾಗಿತ್ತು, ಹೂಂ ಅಂದುಬಿಟ್ಟೆ.

ಮೊನ್ನೆ ಬುಧವಾರ ಗೀತಮ್ಮ ಎಂಬ ಹೆಂಗಸು ತಲೆನೋವು ಎಂದು ಸೇರಿದರು. ಪರಶುರಾಂಪುರದ ಕಡೆಯವರು, ಶೇಂಗಾ ಬಿಡಿಸುವ ಕೂಲಿಗೆ ಹೋಗುತ್ತಾರೆ. ಹಿಂದೆ ಇನ್ನೂ ಮೂವರು ಸ್ಟೆತ್ತಿಗಾಗಿ ಕಾಯುತ್ತಿದ್ದರು. ಅವಸರಕ್ಕೆ ಬೆರಳನ್ನೂ ಇಡಲಿಲ್ಲ. ಸುಮ್ಮನೆ 120/80 ಎಂದು ಬರೆದೆ. "ಎಷ್ಟೈತವ್ವ?" ಎಂದರು. "ಚೆನ್ನಾಗೈತಮ್ಮ" ಎಂದೆ. "ಅಂಗಾದ್ರೆ ಬಿಸ್ಲಿಗೆ ಬಂದ ನೋವು, ಮನೆಗೆ ಹೋಗ್ತೀನಿ" ಎಂದು ಚೀಲ ಎತ್ತಿಕೊಂಡರು. ಪುಣ್ಯಕ್ಕೆ ಅವರ ಮಗಳು ಬರುವುದು ತಡವಾಯಿತು. ಒಂದು ಗಂಟೆಯಲ್ಲಿ ವಾಂತಿ ಮಾಡಿಕೊಂಡರು. ಡ್ಯೂಟಿ ಸಿಸ್ಟರ್ ನೋಡಿದರೆ 190/110. ಡಾಕ್ಟರು ಓಡಿಬಂದರು. ಈಗ ಇಳಿದಿದೆ, ಆರಾಮಾಗಿದ್ದಾರೆ. ಮನೆಗೆ ಹೋಗಿಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಅನ್ನ ಇಳಿಯುವುದಿಲ್ಲ.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸಿಸ್ಟರ್ ಚಾರ್ಟ್ ನೋಡಿ, "ಬೆಳಿಗ್ಗೆ ನಾರ್ಮಲ್ ಇತ್ತು, ಆಮೇಲೆ ಏರೈತೆ" ಎಂದರು. ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನನ್ನ ಕಿವಿಯೇ ಸರಿಯಿಲ್ಲ ದೊಡ್ಡವ್ವ. ಹೃದಯದ ಡಾಕ್ಟರುಗಳದ್ದನ್ನು ಕೊಂಡರೆ ಕೇಳಿಸಬಹುದಾ? ಇಲ್ಲ, ಕೋರ್ಸು ಬಿಟ್ಟು ಬಂದುಬಿಡಲಾ? ನಿನ್ನ ಹೆಸರು ಹೇಳಿಕೊಂಡು ಓಡಾಡಿದೆನಲ್ಲ, ಅದೇ ನಾಚಿಕೆ.

ಇನ್ನೊಂದು. ನಿರ್ಮಲಾ ನಿನ್ನೆ ನನ್ನನ್ನು ಹಿಡಿದು ನಿಲ್ಲಿಸಿ, "ಯಾಕೆ ಹಿಂಗೆ ಉಪಚಾರ ಮಾಡ್ತೀಯ, ನಂಗೇನಾದ್ರೂ ಕಾಯಿಲೆ ಐತಾ?" ಎಂದು ಕೇಳಿದಳು. ಮಗ್ಗದ ವಿಷಯ ಬಾಯಿಬಿಡಬೇಕಾಯಿತು. ಅವಳು ಬಿದ್ದು ಬಿದ್ದು ನಕ್ಕಳು. ಅವರ ಮಗ್ಗ ಒಂದು ದಿನವೂ ನಿಂತಿಲ್ಲವಂತೆ. ಮದುವೆ ಸೀರೆಗಳಿಗೆ ಆರ್ಡರ್ ಬಂದು ಜಂಪಣ್ಣ ಮಾಮ ಹಗಲೆಲ್ಲ ನೇಯುತ್ತಿದ್ದಾರಂತೆ. ನೀನು ಯಾಕೆ ಹಾಗೆ ಬರೆದೆ?

ತೇಜಶ್ರೀ


ಮೊಳಕಾಲ್ಮುರು
19 ಮಾರ್ಚ್ 2025

ಮಗಳೇ,

ಮೊದಲು ನಿನ್ನ ಕಿವಿಯ ಮಾತು. ನಿನ್ನ ಕಾಗದ ಓದಿ ಎದ್ದು ಹೋಗಿ ಕನ್ನಡಿಯಿಂದ ಫೋಟೋ ತೆಗೆದೆ, ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟು ನೋಡಿದೆ. ಒಂದು ತಿಂಗಳು ದಿನಾ ನೋಡಿದ್ದೇನೆ, ಹೆಮ್ಮೆಯಲ್ಲಿ ನಿನ್ನ ಗತ್ತು ಒಂದೇ ಕಂಡಿದೆ. ತೇಜೀ, ನೀನು ಅದನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದೀಯ! ಕಿವಿಗೆ ಹೋಗುವ ಮೊನೆಗಳು ಮೂಗಿನ ಕಡೆಗೆ ವಾಲಿರಬೇಕು. ನಿನ್ನವು ಜಡೆಯ ಕಡೆಗೆ ತಿರುಗಿವೆ. ಕಿವಿಯ ದಾರಿ ಮುಂದಕ್ಕೆ ಹೋದರೆ ಮೊನೆ ಗೋಡೆಗೆ ಮುಖ ಮಾಡಿ ಕೂತಿದೆ, ಇನ್ನೆಲ್ಲಿ ಕೇಳಿಸಬೇಕು?

ಈ ತಪ್ಪು ಕಲಿಸಿದವಳು ನಾನೇ. ನೀನೇ ಬರೆದಿದ್ದೀಯ, ಎದುರಿಗೆ ನಿಂತ ನಿನಗೆ ನನ್ನ ಕಿವಿಯಿಂದ ತೆಗೆದು ಹಾಗೇ ಸಿಕ್ಕಿಸುತ್ತಿದ್ದೆ ಎಂದು. ಎದುರುಬದುರು ನಿಂತವರಿಗೆ ತಿರುಗಿಸದೆ ಹಾಕಿದರೆ ಉಲ್ಟಾ ಆಗದೆ ಇನ್ನೇನಾಗುತ್ತದೆ? ಆ ಕೈಯಭ್ಯಾಸವೇ ನಿನಗೆ ಉಳಿದುಬಿಟ್ಟಿದೆ. ಮೂವತ್ತನಾಲ್ಕು ವರ್ಷದ ನರ್ಸು ತನ್ನ ಮಗಳ ಕಿವಿಗೆ ಮೊದಲ ಸಲ ಹಾಕಿದ್ದೇ ತಪ್ಪು. ನಗು ಬಂತು, ಆಮೇಲೆ ಅಳು ಬಂತು.

ಈಗ ಮಗ್ಗದ ಮಾತು. ಮಗ್ಗ ನಿಂತಿಲ್ಲ, ನನ್ನ ಕಿವಿ ನಿಂತಿದೆ. ಟವರ್ ಇಲ್ಲದಿರುವುದೂ ನನ್ನ ಕಿವಿಯಲ್ಲೇ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಹತ್ತಿರ ಬಂದು ಜೋರಾಗಿ ಹೇಳಿದರೆ ಕೇಳುತ್ತದೆ. ಜಂಪಣ್ಣನ ಮಗ್ಗದ ಸದ್ದು ಕೂಡ ಹೋಗಿದೆ ಎಂಬುದು ನಿನ್ನ ಕಾಗದ ಓದುವವರೆಗೆ ನನಗೇ ಗೊತ್ತಿರಲಿಲ್ಲ. ಅದನ್ನು ಓದಿ ತುಂಬ ಹೊತ್ತು ಗೋಡೆಗೆ ಅಂಗೈ ಇಟ್ಟು ಕೂತಿದ್ದೆ. ಗೋಡೆ ಅದುರುತ್ತಿತ್ತು.

ಇದು ಶುರುವಾಗಿ ಏಳು ವರ್ಷ. ನಾನು ಮೊಣಕಾಲು ನೋವಿಗೆ ರಿಟೈರ್ ಆಗಲು ನಾಲ್ಕು ವರ್ಷ ಇರುವಾಗಲೇ ಕೆಲಸ ಬಿಟ್ಟೆ ಎಂದು ನಿನ್ನ ಅವ್ವನಿಂದ ಹಿಡಿದು ಎಲ್ಲರೂ ನಂಬಿದ್ದಾರೆ. ನನ್ನ ಮೊಣಕಾಲು ಇವತ್ತಿಗೂ ಜಟಿಂಗ ರಾಮೇಶ್ವರ ಬೆಟ್ಟ ಹತ್ತುತ್ತದೆ. ಆ ಬೆಟ್ಟದ ಕೆಳಗಿನ ಹಟ್ಟಿಯಲ್ಲಿ ಒಬ್ಬ ತುಂಬಿದ ಬಸುರಿಯ ಹೊಟ್ಟೆಗೆ ಕೊಳವೆ ಇಟ್ಟು ಮಗುವಿನ ಎದೆಬಡಿತ ಕೇಳಲು ಕೂತೆ. ಇಲ್ಲ. ಜಾಗ ಬದಲಾಯಿಸಿದೆ. ಇಲ್ಲ. ಮಗು ಹೋಗಿದೆ ಎಂದುಕೊಂಡೆ. ನನ್ನ ಮುಖ ನೋಡಿಯೇ ಅವರ ಅತ್ತೆ "ಅಯ್ಯೋ ದೇವುಡಾ" ಎಂದು ಕೂತುಬಿಟ್ಟಳು. ಆಂಬುಲೆನ್ಸ್ ಕರೆಸಿ ದೊಡ್ಡಾಸ್ಪತ್ರೆಗೆ ಕಳಿಸಿದೆ, ಹಟ್ಟಿಗೆ ಹಟ್ಟಿಯೇ ಅಳುತ್ತಾ ಕಳಿಸಿಕೊಟ್ಟಿತು. ಅಲ್ಲಿ ನೋಡಿದರೆ ಮಗುವಿನ ಎದೆ ಕುದುರೆ ಓಡಿದ ಹಾಗೆ ಓಡುತ್ತಿತ್ತು. ಗಂಡು ಮಗು, ಮೂರು ಕೇಜಿ. ನರ್ಸಮ್ಮ ಎಷ್ಟು ಎಚ್ಚರದೋಳು ಎಂದು ತೆಂಗಿನಕಾಯಿ ಬೆಲ್ಲ ತಂದುಕೊಟ್ಟು ಕಾಲಿಗೆ ಬಿದ್ದರು. ಆ ಬೆಲ್ಲ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ವಾರ ಅರ್ಜಿ ಬರೆದೆ, ಮೊಣಕಾಲು ನೋವು ಎಂದು.

ಗೀತಮ್ಮನ ವಿಷಯಕ್ಕೆ ಬರುತ್ತೇನೆ. ನಿಮ್ಮ ಸಾರ್‌ಗೆ ಹೋಗಿ ಹೇಳು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಹೇಳಿದರೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಕೋರ್ಸಿನಿಂದ ತೆಗೆದರೂ ತೆಗೆಯಬಹುದು. ಅದಕ್ಕಿಂತ ಹೆಚ್ಚಾಗಿ, ಹೇಳು ಅನ್ನುವ ಯೋಗ್ಯತೆ ನನಗಿಲ್ಲ. ಕೇಳಿಸದ್ದನ್ನು ನಾನು ಎಂದೂ ಬರೆಯಲಿಲ್ಲ, ಅದು ನಿಜ. ಆದರೆ ಕೇಳಿಸಲಿಲ್ಲ ಎಂದು ಯಾರಿಗೂ ಹೇಳಲೂ ಇಲ್ಲ. ನೀನು ಕನಿಷ್ಠ ನನಗಾದರೂ ಹೇಳಿದೆ.

ಮೊನೆ ತಿರುಗಿಸಿ ಹಾಕಿಕೋ. ಉಳಿದದ್ದು ನಿನಗೆ ಬಿಟ್ಟದ್ದು.

ಸಿದ್ದಕ್ಕ


ಚಳ್ಳಕೆರೆ
5 ಏಪ್ರಿಲ್ 2025

ದೊಡ್ಡವ್ವ,

ಕೇಳಿಸಿತು.

ನಿನ್ನ ಕಾಗದ ಕೈಯಲ್ಲಿ ಹಿಡಿದುಕೊಂಡೇ ರೂಮಿಗೆ ಓಡಿ, ನಿರ್ಮಲಾಳನ್ನು ಮಂಚದ ಮೇಲೆ ಕೂರಿಸಿ, ಕಾಲೇಜಿನ ಸ್ಟೆತ್ತಿನ ಮೊನೆ ತಿರುಗಿಸಿ ಹಾಕಿಕೊಂಡೆ. ಧಡ್ ಧಡ್ ಎಂದು ಕಿವಿಗೇ ಬಡಿಯಿತು, ಬೆಚ್ಚಿ ತೆಗೆದುಬಿಟ್ಟೆ. ಒಂದು ಎದೆಯೊಳಗೆ ಇಷ್ಟು ಗದ್ದಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. "ನಂಗೇನಾಗೈತೆ ಹೇಳೇ, ಯಾಕೆ ಅಳ್ತೀಯ" ಎಂದು ಅವಳಿಗೆ ಗಾಬರಿ. ನಿನಗೇನೂ ಆಗಿಲ್ಲ, ನನಗೇ ಆಗಿದೆ ಎಂದೆ.

ಮಾರನೆಯ ದಿನ ನಾಗಭೂಷಣ ಸಾರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ನೀನು ಹೇಳು ಎಂದು ಬರೆದಿದ್ದರೆ ಬಹುಶಃ ಹೋಗುತ್ತಿರಲಿಲ್ಲ. ಆ ಬೆಲ್ಲ ನಿನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದೆಯಲ್ಲ, ಅದಕ್ಕೇ ಹೋದೆ. ಸಾರ್ ಚಾರ್ಟ್ ತರಿಸಿ ನೋಡಿದರು. ಆಮೇಲೆ, "ನಂಗೆ ಹೇಳಿದ್ದು ಸಾಲದು, ಆಯಮ್ಮನಿಗೆ ಹೇಳು" ಎಂದರು.

ಗೀತಮ್ಮ ಮಾತ್ರೆಗೆ ಬರುವ ದಿನ ನನ್ನನ್ನು ಕರೆದುಕೊಂಡು ಹೋದರು. ನಾನು ತಲೆ ತಗ್ಗಿಸಿಕೊಂಡು ಹೇಳಿದೆ. ಅವರು ಬೈದರೆ ಹಗುರಾಗುತ್ತಿತ್ತು. "ನೀನು ಚೆನ್ನಾಗೈತೆ ಅಂದಿದ್ದಕ್ಕೇ ಕಣವ್ವ ನಾನು ಚೀಲ ಎತ್ಕಂಡಿದ್ದು" ಎಂದರು. ಆಮೇಲೆ ಸೆರಗು ಸರಿಸಿ ತೋಳು ಮುಂದೆ ಮಾಡಿದರು. "ತಗಾ, ನೋಡು. ಈ ಸಲ ನಿಜ ಹೇಳು." ಮೊದಲು ಬೆರಳು, ಆಮೇಲೆ ಕಿವಿ. 150/94. ನಾನು ನಿಜವಾಗಿ ಕೇಳಿದ ಮೊದಲ ನಂಬರು ಅದು.

ಯುಗಾದಿ ರಜೆ ಹೋಯಿತು. ಎಲ್ಲರೂ ಊರಲ್ಲಿ ಹೋಳಿಗೆ ತಿನ್ನುವಾಗ ನಾನು ವಾರ್ಡಿನಲ್ಲಿದ್ದೆ. ಹದಿನೈದು ದಿನ ನಾನು ನೋಡಿದ ಪ್ರತಿಯೊಂದನ್ನೂ ಡ್ಯೂಟಿ ಸಿಸ್ಟರ್ ಮತ್ತೆ ನೋಡಬೇಕು ಎಂದು ಆರ್ಡರು. ನಡೆದದ್ದು ನನ್ನ ಫೈಲಿನಲ್ಲೂ ಸೇರಿತು. ಕೋರ್ಸಿನಿಂದ ತೆಗೆಯಲಿಲ್ಲ. ಇಲ್ಲಿಯವರೆಗೆ ಎರಡು ಸಲ "ಕೇಳಿಸಲಿಲ್ಲ ಸಿಸ್ಟರ್, ಇನ್ನೊಮ್ಮೆ ನೋಡ್ತೀನಿ" ಎಂದೆ. ಹಾಗೆ ಹೇಳಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದು ಗೊತ್ತಾಯಿತು.

ಇನ್ನು ಸ್ಟೆತ್ತು. ಬಸ್‌ಸ್ಟ್ಯಾಂಡಿನ ಅಂಗಡಿಯ ಓಂಕಾರಮೂರ್ತಿಯವರ ಹತ್ತಿರ ನಾಲ್ಕು ಡಬ್ಬಿ ಬಿಚ್ಚಿಸಿ, ನಾಲ್ಕನ್ನೂ ಕಿವಿಗೆ ಹಾಕಿಕೊಂಡು ಅವರದೇ ಎದೆ ಕೇಳಿ ನೋಡಿದೆ. "ಹುಣಸೆಹಣ್ಣು ಕೊಳ್ಳೋರೂ ಇಷ್ಟು ನೋಡಲ್ಲ ಕಣಮ್ಮ" ಎಂದರು, ಆದರೂ ಅಂಗಿಯ ಗುಂಡಿ ಬಿಚ್ಚಿ ಉಸಿರು ಹಿಡಿದು ನಿಂತರು. ದುಬಾರಿಯದರಲ್ಲಿ ಸದ್ದು ಜೋರು, ಆದರೆ ಮೊನೆ ದಪ್ಪ, ನನ್ನ ಕಿವಿ ನೋಯುತ್ತದೆ. ಬಣ್ಣದ್ದರ ಕೊಳವೆ ಉದ್ದ. ಸಾದಾ ಕಪ್ಪಗಿನದು ಕಿವಿಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ಅದನ್ನೇ ತಂದೆ. ಮೇ ಮೊದಲ ವಾರ ರಜೆ. ತೆಗೆದುಕೊಂಡು ಬರುತ್ತೇನೆ.

ನಿನ್ನ ಮೇಲಿನ ಗೌರವ ಕಡಿಮೆಯಾಗುತ್ತದೆಂದು ಹೆದರಿ ನೀನು ಏಳು ವರ್ಷ ಸುಮ್ಮನಿದ್ದೆಯಾ? ಕೇಳಿಸದ ಮೇಲೆ ಒಂದು ದಿನವೂ ಆ ಕುರ್ಚಿಯಲ್ಲಿ ಕೂರಲಿಲ್ಲವಲ್ಲ ನೀನು. ನನಗೆ ಈಗ ನಿನ್ನ ಮೇಲೆ ಮೊದಲಿಗಿಂತ ಹೆಚ್ಚು ಅಭಿಮಾನ.

ತೇಜಶ್ರೀ


ಮೊಳಕಾಲ್ಮುರು
16 ಏಪ್ರಿಲ್ 2025

ತೇಜೀ,

ನಿನ್ನೆ ಮಂಗಳವಾರ. ಹೆಂಗಸರೆಲ್ಲ ಬಂದಿದ್ದರು. ನಿನ್ನ ಕಾಗದವನ್ನು ರವಿಕೆಯೊಳಗೆ ಇಟ್ಟುಕೊಂಡು ಅವರ ಮುಂದೆ ನಿಂತು ಹೇಳಿಬಿಟ್ಟೆ. ನನ್ನ ಮೊಣಕಾಲು ಗಟ್ಟಿಯಾಗಿದೆ, ಹೋಗಿರುವುದು ಕಿವಿ, ಅದಕ್ಕೇ ಕೆಲಸ ಬಿಟ್ಟೆ, ಇಷ್ಟು ದಿನ ಸುಳ್ಳು ಹೇಳಿದೆ ಎಂದು. ಹೇಳಿ ಕಣ್ಣು ಮುಚ್ಚಿಕೊಂಡೆ, ಏನನ್ನುತ್ತಾರೋ ಎಂದು.

ಕಣ್ಣು ಬಿಟ್ಟರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದಾರೆ. ಜಂಪಣ್ಣನ ಹೆಂಡತಿ ಯರ್ರಮ್ಮ ನನ್ನ ಬಲಗಡೆಗೆ ಬಂದು ಕಿವಿಗೆ ಬಾಯಿಟ್ಟು, "ನಾವ್ಯಾಕೆ ಯಾವಾಗ್ಲೂ ನಿನ್ನ ಬಲಗಡೇನೇ ಕೂರ್ತೀವಿ ಅಂದ್ಕಂಡಿದ್ದೀಯಕ್ಕ?" ಎಂದು ಕೂಗಿದಳು. ಇಡೀ ಬೀದಿಗೆ ಗೊತ್ತಿತ್ತಂತೆ. ನನಗೆ ನೋವಾಗುತ್ತದೆಂದು ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಎಂಥ ಜನದ ನಡುವೆ ಇದ್ದೇನೆ ನೋಡು.

ಇದು ನಿನ್ನಿಂದ ಆಯಿತು. ಹತ್ತೊಂಬತ್ತು ವರ್ಷದ ಹುಡುಗಿ ಫೈಲು ಕೆಡಿಸಿಕೊಂಡು ನಿಜ ಹೇಳಿ ಬಂದಳು, ಅರವತ್ಮೂರರ ನಾನು ಬೀದಿಯ ಹೆಂಗಸರಿಗೆ ಹೆದರಿ ಕೂತಿದ್ದೆ.

ರಜೆಗೆ ಬಾ. ನಿನ್ನ ಅವ್ವನಿಗೂ ಬರಲು ಹೇಳಿದ್ದೇನೆ. ಹೊಸ ಸ್ಟೆತ್ತಿಗೆ ಮೊದಲ ಕೈ ನನ್ನದೇ.

ದೊಡ್ಡವ್ವ


ಮೊಳಕಾಲ್ಮುರು
12 ಮೇ 2025

ತೇಜೀ,

ನೀನು ಹೋಗಿ ಎಂಟು ದಿನವಾಯಿತು. ನಿನ್ನನ್ನು ಬಸ್ಸಿಗೆ ಹತ್ತಿಸಲು ನಾನು ಬರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಬಡಿಯುತ್ತಾ ಇದ್ದೆ. ಅದಕ್ಕೆ ಈ ಕಾಗದ.

ನೀನು ಹೊಸ ಸ್ಟೆತ್ತು ತಂದ ದಿನ ನನ್ನ ಜಂಬ ಎಷ್ಟಿತ್ತು ನೋಡು. ಬೀದಿಯ ಹೆಂಗಸರನ್ನೆಲ್ಲ ಕರೆದು ಮಂಡಕ್ಕಿ ಮೆಣಸಿನಕಾಯಿ ಕೊಟ್ಟು ಸುತ್ತ ಕೂರಿಸಿಕೊಂಡು, ನಡುವೆ ಕುರ್ಚಿ ಹಾಕಿಸಿಕೊಂಡು, ರಾಣಿಯ ಹಾಗೆ ತೋಳು ಚಾಚಿದೆ. ನೀನು ಬಿಲ್ಲೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದ್ದನ್ನು ನೋಡಿದೆ. ನೀನು ಮೊದಲು ನಾಡಿ ಹಿಡಿದೆ, ಆಮೇಲೆ ಕಿವಿಗೆ ಹಾಕಿಕೊಂಡೆ. ಗಾಳಿ ಇಳಿಯುತ್ತಾ ಹೋದಂತೆ ನಿನ್ನ ಮುಖದ ನಗು ಹೋಯಿತು. ನಾನು ಎಷ್ಟು ಜನರ ಮುಂದೆ ಅದೇ ಮುಖ ಹೊತ್ತು ಕೂತಿಲ್ಲ, ಅರ್ಥವಾಗದೆ ಇರುತ್ತದೆಯೇ? ನೀನು ಇನ್ನೊಂದು ತೋಳಿಗೆ ಕಟ್ಟಿದೆ.

ನಿನ್ನ ಅವ್ವ ಪಕ್ಕದಲ್ಲೇ ಇದ್ದಳು, ಇಷ್ಟಕ್ಕೇ ಅಳುವವಳು ಅವಳು. ಎಲ್ಲರ ಕಣ್ಣೂ ನಿನ್ನ ಬಾಯಿಯ ಮೇಲಿತ್ತು. ನಾನು ಕಣ್ಣಲ್ಲೇ ನಿನ್ನನ್ನು ಕೇಳಿಕೊಂಡೆ, ಸ್ವಲ್ಪ ಇಳಿಸಿ ಹೇಳಿಬಿಡೇ, ಆಮೇಲೆ ನೋಡಿಕೊಳ್ಳೋಣ ಎಂದು. ನಿನಗೆ ತಿಳಿಯಿತು, ಅದೂ ನನಗೆ ಕಂಡಿತು. ನೀನು ಒಂದು ಚೀಟಿ ತೆಗೆದು 178/104 ಎಂದು ಬರೆದು ನನ್ನ ಕೈಗಿಟ್ಟೆ.

ಆಗ ನಾನು ಆಡಿದ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ. ನಿನ್ನ ಕೈ ಇನ್ನೂ ಎಳೆಯದು, ನನ್ನ ಹಳೆಯ ಮೆಷೀನು ಸರಿಯಿಲ್ಲ, ಫೈಲಿನಲ್ಲಿ ಹೆಸರು ಕೆಡಿಸಿಕೊಂಡವಳು ನನಗೆ ಹೇಳಲು ಬಂದಳು ಎಂದೆ. ಅಷ್ಟು ಜನರ ಮುಂದೆ ಅಂದೆ. ನೀನು ಹತ್ತು ನಿಮಿಷ ಕಾದು, ಮತ್ತೆ ನೋಡಿ, ಮತ್ತೆ ಅದನ್ನೇ ಬರೆದೆ. ಕೆಳಗೆ, "ನಾಳೆ ಡಾಕ್ಟರ ಹತ್ತಿರ ಹೋಗು ದೊಡ್ಡವ್ವ" ಎಂದು ಸೇರಿಸಿದೆ. ನಾನು ಚೀಟಿಯನ್ನು ಮುದುರಿ ಎಸೆದೆ.

ನನಗೆ ಸಿಟ್ಟು ಬಂದದ್ದು ನಿನ್ನ ಮೇಲಲ್ಲ. ಉಪ್ಪು ಬಿಡಿ, ಮಾತ್ರೆ ಬಿಡಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನನ್ನ ಕೈಗೆ ಪಟ್ಟಿ ಕಟ್ಟಿಸಿಕೊಂಡು ಆರು ವರ್ಷವಾಗಿತ್ತು. ತಾಲ್ಲೂಕು ಆಸ್ಪತ್ರೆಗೆ ಹೋದರೆ ಕಿವಿಯ ವಿಷಯ ಬಯಲಾಗುತ್ತದೆಂದು ಆ ಕಡೆ ತಲೆ ಹಾಕಿರಲಿಲ್ಲ. ಬೆಳಿಗ್ಗೆ ತಲೆ ಭಾರ, ಕಣ್ಣು ಮಂಜು ಎಲ್ಲ ಇತ್ತು, ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ. ನೀನು ಅವತ್ತು ನನ್ನ ಮೇಲಿನ ಪ್ರೀತಿಗೆ ಒಂದು ನಂಬರು ಇಳಿಸಿ ಬರೆದಿದ್ದರೆ ಇನ್ನೂ ಸುಮ್ಮನೇ ಇರುತ್ತಿದ್ದೆ.

ನಾಲ್ಕು ದಿನ ಬಿಗುಮಾನ ಮಾಡಿ ಐದನೆಯ ದಿನ ಯರ್ರಮ್ಮನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಮಾರುತೇಶ ಅಂತ ಹೊಸ ಡಾಕ್ಟರು, ಚಿಕ್ಕ ವಯಸ್ಸು. ನೋಡಿದರು. ನೀನು ಬರೆದದ್ದಕ್ಕಿಂತ ಎರಡೇ ಹೆಚ್ಚು. ಮಾತ್ರೆ ಬರೆದುಕೊಟ್ಟರು, ತಿಂಗಳು ತಿಂಗಳು ಬರಬೇಕು ಎಂದರು, ಕಿವಿ ಪರೀಕ್ಷೆಗೂ ಚೀಟಿ ಕೊಟ್ಟರು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಒಂದು ಕಡೆಯ ಕೈಕಾಲು ಹೋಗುತ್ತಿತ್ತು ಎಂದು ಯರ್ರಮ್ಮನಿಗೆ ಹೇಳಿದರಂತೆ. ನಿನ್ನ ಮುಂದೆ ತಪ್ಪೊಪ್ಪಿಕೊಳ್ಳುವುದು ಹೇಗೆಂದು ಮೂರು ದಿನ ಯೋಚಿಸಿ ಇವತ್ತು ಬರೆಯಲು ಕೂತೆ. ನನ್ನದು ತಪ್ಪಾಯಿತು ಮಗಳೇ.

ಒಂದು ಮಾತು ಬಿಟ್ಟೆ. ಹೊರಡುವ ಮುಂಚೆ ಡಾಕ್ಟರು ನನ್ನ ಬಲಗಿವಿಯ ಹತ್ತಿರ ಬಗ್ಗಿ, ಇದನ್ನು ಮೊದಲು ಕಂಡುಹಿಡಿದದ್ದು ಯಾರು ಎಂದು ಜೋರಾಗಿ ಕೇಳಿದರು. ನಾನು ಎದ್ದು ನಿಂತು, "ನಮ್ಮ ಸಿಸ್ಟರ್ ನೋಡಿದ್ರು ಸಾರ್, ಚಳ್ಳಕೆರೇಲಿ ಅವ್ರೆ" ಎಂದೆ.

ಸಿದ್ದಕ್ಕ